ಬೋರ್ ಮೋಟ್ರು ಎತ್ತೋ ಪಿಕಪ್‌ಗೆ ಶಾಕ್ ಆರಿಸಿದ್ದು: ಒಂದು ಪ್ರಕರಣ

ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಪಿಕಪ್ ಇಟ್ಕೊಂಡವ್ರು ಶಾಕ್ ಅಬ್ಸಾರ್ಬರ್ (ಗಾಡಿ ಕುಣಿತ ನಿಲ್ಲಿಸೋ ಆಯಿಲ್ ಕೊಳವಿ, ಮುಂದ ಬರೇ ಶಾಕ್ ಅಂತೀನಿ) ಬದಲ್ ಮಾಡ್ಸೋವಾಗ ಮೊದ್ಲ ಕೇಳೋದು "ಯಾವ ಕಂಪನೀದು ಚಲೋ ರೀ?" ಅಂತ. ಈ ಪ್ರಕರಣದಾಗ ಕಂಪನಿ ಹೆಸರು ಎಲ್ಲಾ ಮುಗದ ಮ್ಯಾಲ ಕಡೀಗೆ ಬಂತು, ಅದಕ್ಕೂ ಮುಂಚೆ ತೂಕ, ಅಳತಿ, ರಸ್ತೆ ಇವು ಮೂರೂ ಇತ್ಯರ್ಥ ಆಗಬೇಕಾಯ್ತು, ಅದಕ್ಕ ಇದನ್ನ ಪೂರ್ತಿ ಬರದು ಇಡಾಕತ್ತೀನಿ. ಮಾಲಕರ ಒಪ್ಪಿಗಿ ತಗೊಂಡೀನಿ. ಅವರ ಹೆಸರು, ಊರು, ಗಾಡಿ ಮಾಡೆಲ್ಲು, ನಡುವ ಬರೋ ಗ್ಯಾರೇಜು ಅಂಗಡಿ ಯಾವ್ದೂ ಹೇಳಂಗಿಲ್ಲ. ನಂದು ಬಳ್ಳಾರ್ಯಾಗ ಸಸ್ಪೆನ್ಶನ್, ಅಲೈನ್‌ಮೆಂಟ್ ಕೆಲಸ.

ಗಾಡಿ ಮತ್ತ ಅದರ ಕೆಲಸ

ಮಾಲಕರು ಕೊಪ್ಪಳ ಜಿಲ್ಲೇದವ್ರು, ಬೋರ್ ಮೋಟ್ರು ಎತ್ತೋದು, ರಿವೈಂಡಿಂಗ್ ಮಾಡ್ಸಿ ಮತ್ತ ಇಳಿಸೋದು ಅವರ ಕಸುಬು. ಗಾಡಿ ಡಬಲ್ ಕ್ಯಾಬ್ ಡೀಸೆಲ್ ಪಿಕಪ್, ಟೂ ವ್ಹೀಲ್ ಡ್ರೈವು, ಮುಂದ ಡಬಲ್ ವಿಶ್‌ಬೋನ್ ಜೊತಿ ಕಾಯಿಲ್ ಸ್ಪ್ರಿಂಗು, ಹಿಂದ ಗಟ್ಟಿ ಆಕ್ಸಲ್ ಕೆಳಗ ಪಟ್ಟಾ, ಅಂದ್ರ ಉಕ್ಕಿನ ಬ್ಲೇಡು ಒಂದರ ಮ್ಯಾಲ ಒಂದು ಕಟ್ಟಿದ ಸ್ಪ್ರಿಂಗು. ಓಡಿದ್ದು ಒಂದ್ ಲಕ್ಷ ಕಿಲೋಮೀಟರ್ ದಾಟಿತ್ತು. ಡಾಲಾದಾಗ (ಹಿಂದ ಸಾಮಾನು ಹೇರೋ ಜಾಗದಾಗ) ದಪ್ಪ ತಗಡಿನ ಟೂಲ್ ಡಬ್ಬಿ, ಚೈನ್ ಬ್ಲಾಕು, ಮೂರು ಕಾಲಿನ ಸ್ಟ್ಯಾಂಡು, ಕೇಬಲ್ ಸುರುಳಿ, ಕ್ಲಾಂಪು, ಅದರ ಮ್ಯಾಲ ಪೈಪ್ ಇಡಾಕ ಆಂಗಲ್ ಹಾಕಿ ವೆಲ್ಡ್ ಮಾಡ್ಸಿದ ರ್‍ಯಾಕು, ಇವು ಯಾವ್ದೂ ದಿನಾ ಇಳಿಸೋ ಸಾಮಾನಲ್ಲ. ಕೆಲಸದ ದಿನ ಮೂರ್ನಾಕು ಮಂದಿ ಹುಡುಗ್ರು ಕೂಡ್ತಾರ. ಹುಣ್ಣಿವಿಗೆ ಮನಿಮಂದಿ ಕೂತು ಹುಲಿಗಿಗೆ, ಹುಲಿಗೆಮ್ಮನ ಗುಡಿಗೆ, ಹೋಗೋದೂ ಅದ ಗಾಡ್ಯಾಗ.

ರಸ್ತೆ ವಿಷಯ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು ಯಾಕಂದ್ರ ಎಲ್ಲಾ ನಿರ್ಧಾರಕ್ಕೂ ಅದ ಬುಡ. ಯಲಬುರ್ಗಾ ಕಡೆ ಎರಿ ಭೂಮಿ, ಮಳಿಗಾಲದಾಗ ಎರಿಮಣ್ಣು ನೀರು ಕುಡದು ಉಬ್ಬತೈತಿ, ಬ್ಯಾಸಗ್ಯಾಗ ಒಣಗಿ ಬಿರುಕು ಬಿಡ್ತೈತಿ, ಹಿಂಗ ವರ್ಷಾ ವರ್ಷಾ ಉಬ್ಬಿ ಇಳದು ಮ್ಯಾಲಿನ ಡಾಂಬರು ಉದ್ದುದ್ದ ಅಲಿ ಆಗ್ತೈತಿ, ಎಲ್ಲೂ ತಗ್ಗು ಕಾಣಂಗಿಲ್ಲ ಆದ್ರ ಅರವತ್ತು ಎಪ್ಪತ್ತರಾಗ ಹೋದ್ರ ಗಾಡಿ ತೇಲತೈತಿ. ಕುಷ್ಟಗಿ ಕಡೆ ಮಸಾರಿ ಹೊಲ, ದಾಳಿಂಬಿ ತೋಟ, ಅಲ್ಲಿ ಹೊಲದ ದಾರಿ ಖಡಿ ಕಿತ್ತು ಬಂದಿರ್ತೈತಿ, ಸಣ್ಣ ಸಣ್ಣ ಏಟು ಒಂದರ ಹಿಂದ ಒಂದು. ಶಾಕ್‌ಗೆ ಇವೆರಡೂ ಬ್ಯಾರೆ ಬ್ಯಾರೆ ಕೆಲಸ. ಅಲಿ ರಸ್ತೇದಾಗ ಶಾಕ್ ಒಳಗ ಆಯಿಲ್‌ನ್ಯಾಗ ಮ್ಯಾಲ ಕೆಳಗ ಓಡೋ ಪಿಸ್ಟನ್ ನಿಧಾನ ಚಲಸ್ತೈತಿ, ಅಲ್ಲಿ ಗಟ್ಟಿ ಹಿಡಿತ ಬೇಕು. ಖಡಿ ರಸ್ತೇದಾಗ ಪಿಸ್ಟನ್ ಭಾಳ ಜೋರು ಚಲಸ್ತೈತಿ, ಅಲ್ಲಿ ಆಯಿಲ್ ಹಾಯೋ ವಾಲ್ವು ಬಿಟ್ಟುಕೊಡಬೇಕು, ಬಿಡ್ಲಿಲ್ಲ ಅಂದ್ರ ಏಟು ನೇರ ಚಾಸಿಗೆ.

ತೊಂದ್ರಿ ಏನಿತ್ತು

ಅವರು ಬಂದಾಗ ಹೇಳಿದ್ದು ಇಷ್ಟ: "ತಮ್ಮಾ, ಹಂಪ್ಸ್ ದಾಟಿದ್ರ ಹಿಂದ ಧಡ್ ಅಂತೈತಿ, ಯಲಬುರ್ಗಾ ರೋಡಿಗೆ ಬಿದ್ರ ಕುದುರಿ ಕುಣದಂಗ ಆಗ್ತೈತಿ, ರಾತ್ರಿ ಎದುರಿಗೆ ಬರಾವ್ರೆಲ್ಲ ಲೈಟ್ ಡಿಪ್ ಮಾಡ್ರಿ ಅಂತ ಬೈತಾರ, ನಾ ಡಿಪ್ಪಿನ್ಯಾಗ ಇರ್ತೀನಿ." ಈ ಮೂರನೇ ಮಾತು ಭಾಳ ಮುಖ್ಯ. ಹಿಂದ ಕುಂತು ಮೂತಿ ಮ್ಯಾಲ ಎದ್ದಿದ್ರ ಲೈಟೂ ಮ್ಯಾಲ ಹೊಡಿತೈತಿ. ಅದನ್ನ ಶಾಕ್ ಸರಿ ಮಾಡಂಗಿಲ್ಲ.

ಇದಕ್ಕೂ ಮೊದ್ಲ ಊರಾಗ ಒಬ್ಬ ಮಿಸ್ತ್ರಿ ಹತ್ರ ಹಿಂದಿನ ಎರಡೂ ಶಾಕ್ ಬದಲ್ ಮಾಡ್ಸಿದ್ರು, ಅವು ವರ್ಷ ತುಂಬೋದ್ರಾಗ ಆಯಿಲ್ ಬಿಟ್ಟಿದ್ವು. ಬರೇ ಸೀಲ್ ಹತ್ರ ತೆಳ್ಳಗ ಜಿಡ್ಡು ಇದ್ರ ಅದು ಸೋರಿಕಿ ಅಲ್ಲ, ಆದ್ರ ಇಲ್ಲಿ ಕೆಳಗಿನ ಬುಷ್ (ಬೋಲ್ಟ್ ಸುತ್ತಲಿನ ರಬ್ಬರು) ತನಕ ಆಯಿಲ್ ಇಳದು ಅದರ ಮ್ಯಾಲ ಧೂಳು ಮೆತ್ತಿ ಕೆಸರಾಗಿತ್ತು. ಹಿಂದಿನ ಟೈರ್ ಮ್ಯಾಲ ಅಂಗೈ ಆಡಿಸಿದ್ರ ಸುತ್ತಲೂ ತಗ್ಗು ದಿಣ್ಣಿ ತಗ್ಗು ದಿಣ್ಣಿ, ಟೈರು ರೋಡ್ ಬಿಟ್ಟು ಕುಪ್ಪಳಿಸಾಕತ್ತಿತ್ತು ಅನ್ನಾಕ ಅದಕ್ಕಿಂತ ಸಾಕ್ಷಿ ಬ್ಯಾಡ. ಮ್ಯಾಲಿನ ಬುಷ್ ರಬ್ಬರು ಒಂದ್ ಕಡೆ ಹರದಿತ್ತು, ಅದರ ಕಾರಣ ಮುಂದ ಹೇಳ್ತೀನಿ.

ಅವರ ಕೈಯಾಗ ಮೂರು ಸಲಹೆ ಇದ್ವು. ಊರಿನ ಮಿಸ್ತ್ರಿ ಅಂದಿದ್ದು, ಇನ್ನೂ ಎರಡು ಪಟ್ಟಾ ಸೇರಿಸಿ ಬಿಡೂಣು, ಶಾಕ್ ಅವ ಇರ್ಲಿ. ಒಬ್ಬ ಅಂಗಡಿಯವ್ರು ಅಂದಿದ್ದು, ಕಂಪನಿ ಅಳತೀದ ಹೊಸ ಸೆಟ್ ಹಾಕ್ಸಿ ಸುಮ್ನಾಗ್ರಿ. ಮೂರನೇದು ಅವರ ಅಳಿಯಂದು, ಡಿಗ್ರಿ ಓದೋ ಹುಡುಗ, ಗಾಡಿ ವಿಡಿಯೋ ಎಲ್ಲಾ ನೋಡ್ಯಾನ, ಅವ ಎರಡು ಇಂಚು ಲಿಫ್ಟ್, ಅಂದ್ರ ಎತ್ತರ, ಮಾಡಿದ ಗಾಡಿಗೆ ಬರೋ ಮೊನೊಟ್ಯೂಬ್ (ಒಂದ ಕೊಳವಿಯ) ಶಾಕ್ ನಾಕೂ ತರಿಸಿಬಿಟ್ಟಿದ್ದ. ಸ್ಪ್ರಿಂಗ್ ತರಿಸಿರಲಿಲ್ಲ, ಬರೇ ಶಾಕು. ಸ್ಟಾಕ್ (ಕಂಪನಿ ಅಳತೀದ) ಸೆಟ್‌ನ ಮೂರ್ನಾಕು ಪಟ್ಟು ರೊಕ್ಕ. "ಮಾಮಾ, ಇವು ಹಾಕಿದ್ರ ಗಾಡಿ ಎತ್ರಾನೂ ಆಗ್ತೈತಿ, ಲೋಡೂ ತಡಿತೈತಿ" ಅಂತ ಹೇಳಿದ್ದ, ಹುಡುಗನ ಮನಸ್ಸಿನ್ಯಾಗ ಮಾವನಿಗೆ ಒಳ್ಳೇದಾಗ್ಲಿ ಅಂತನ ಇತ್ತು.

ಆದ್ರ ಶಾಕ್ ಲೋಡ್ ತಡಿಯಂಗಿಲ್ಲ. ಗಾಡಿ ತೂಕ ಹೊರೋದು ಸ್ಪ್ರಿಂಗು, ಪಟ್ಟಾ. ಸ್ಪ್ರಿಂಗ್ ಕುಗ್ಗಿ ಎದ್ದಾಗ ಆ ಕುಣಿತಾನ ನಿಲ್ಲಿಸೋದು ಶಾಕು, ಒಳಗಿನ ಆಯಿಲ್ಲನ್ನ ಸಣ್ಣ ತೂತಿನ್ಯಾಗ ಹಾಯಿಸಿ ಆ ಶಕ್ತಿನ ಬಿಸಿ ಮಾಡಿ ಹೊರಗ ಹಾಕ್ತೈತಿ, ಅಷ್ಟ ಅದರ ಕೆಲಸ. ಗ್ಯಾಸ್ ತುಂಬಿದ ಶಾಕು ಒಂದ್ ಚೂರು ಮ್ಯಾಲ ತಳ್ಳಿದಂಗ ಕಾಣ್ತೈತಿ, ಆದ್ರ ಆ ನೈಟ್ರೋಜನ್ ಇರೋದು ಲೋಡ್ ಎತ್ತಾಕಲ್ಲ, ಆಯಿಲ್ಲು ನೊರಿ ಆಗಬಾರ್ದು ಅಂತ.

ಕಾಟಾ ಮ್ಯಾಲ ನಿಲ್ಲಿಸಿದ್ದು

ನಾ ಅವತ್ತು ಯಾವ ಸ್ಪ್ಯಾನರೂ ಮುಟ್ಟಲಿಲ್ಲ. ಗಾಡಿ ದಿನಾ ಹೆಂಗ ಇರ್ತೈತೋ ಹಂಗ ವೇಬ್ರಿಡ್ಜ್ ಕಾಟಾಕ್ಕ ಒಯ್ದು ಮೊದ್ಲ ಪೂರ್ತಿ ಗಾಡಿ ತೂಗಿಸಿದ್ವಿ, ಆಮ್ಯಾಲ ಮುಂದಿನ ಗಾಲಿ ಕಾಟಾ ದಾಟಿಸಿ ಹಿಂದಿನ ಗಾಲಿ ಅಷ್ಟ ಮ್ಯಾಲ ನಿಲ್ಲಿಸಿ ಮತ್ತ ತೂಗಿಸಿದ್ವಿ. ಆರ್‌ಸಿಯಾಗ ಖಾಲಿ ತೂಕ ಬರ್ದಿರ್ತೈತಿ, ಅದನ್ನ ಕಳದ್ರ ಡಬ್ಬಿ, ರ್‍ಯಾಕು, ಸಾಮಾನು ಸೇರಿ ಒಂದ್ ಪೈಪೂ ಇಲ್ದ, ಒಬ್ಬ ಹುಡುಗನೂ ಇಲ್ದ 380 ಕೆಜಿ ಹತ್ರ ಬಂತು. ಮಾಲಕರು ಚೀಟಿ ಹಿಡ್ಕೊಂಡು "ಇದು ಖಾಲಿ ಗಾಡಿ ಅಂತ ತಿಳ್ಕೊಂಡಿದ್ನೆಲ್ಲೋ" ಅಂದ್ರು.

ಇನ್ನ ಪೈಪಿನ ಲೆಕ್ಕ. ಒಂದೂವರೆ ಇಂಚಿನ ಮೀಡಿಯಂ ಜಿಐ ಪೈಪು ಮೀಟರಿಗೆ ಮೂರೂವರೆ ಕೆಜಿ ಮ್ಯಾಲ ತೂಗತೈತಿ, 6 ಮೀಟರಿನ ಒಂದ್ ಪೈಪು 21-22 ಕೆಜಿ. 400 ಅಡಿಗೆ ಮೋಟ್ರು ಇಳಿಸಬೇಕಂದ್ರ 20 ಪೈಪು ಬೇಕು, ಅಂದ್ರ 430 ಕೆಜಿ. ಪೈಪು ಬದಲ್ ಮಾಡೋ ಕೆಲಸ ಬಂದಾಗ ಅಷ್ಟೂ ಒಂದ ಟ್ರಿಪ್ಪಿಗೆ ರ್‍ಯಾಕ್ ಮ್ಯಾಲ ಹೇರ್ತಿದ್ರು, ಜೊತಿಗೆ ಮೋಟ್ರು, ಜೊತಿಗೆ ಹುಡುಗ್ರು. ಆ ದಿನ ಗಾಡಿ ಆರ್‌ಸಿಯಾಗಿನ ಜಿವಿಡಬ್ಲ್ಯೂ (ಲೋಡ್ ಸೇರಿ ಗಾಡಿ ಇರಬಹುದಾದ ಒಟ್ಟು ತೂಕ) ದಾಟ್ತಿತ್ತು. ಮ್ಯಾಲಾಗಿ ಉದ್ದ ಪೈಪು ಹಿಂದಿನ ಆಕ್ಸಲ್ ದಾಟಿ ಹೊರಗ ಚಾಚಿರ್ತೈತಿ, ಆ ಭಾರ ಮುಂದಿನ ಆಕ್ಸಲ್‌ನ ಎತ್ತತೈತಿ, ಸ್ಟೇರಿಂಗ್ ಹಗುರ ಆಗ್ತೈತಿ, ಬ್ರೇಕ್ ಹಿಡಿತಾನೂ ಕಡಿಮಿ ಆಗ್ತೈತಿ. ಲೈಟಿನ ಬೈಗಳಕ್ಕ ಕಾರಣ ಇಲ್ಲೇ ಸಿಕ್ತು.

ಬಂಪ್ ಸ್ಟಾಪ್ ರಬ್ಬರಿಗೆ (ಗಾಡಿ ಪೂರ್ತಿ ಕುಂತಾಗ ಆಕ್ಸಲ್ ಚಾಸಿಗೆ ಬಡೀಬಾರ್ದು ಅಂತ ನಡುವ ಇರೋ ರಬ್ಬರು) ಗ್ರೀಸ್ ಹಚ್ಚಿ ಒಂದ್ ವಾರ ಓಡಿಸ್ರಿ ಅಂತ ಕಳಿಸಿದೆ. ತಿರುಗಿ ಬಂದಾಗ ಗ್ರೀಸು ಆಕ್ಸಲ್ ಮ್ಯಾಲ ಅಂಟಿತ್ತು, ಎರಡೂ ಕಡೆ. ಧಡ್ ಅನ್ನೋ ಸಪ್ಪಳ ಅದ.

ಈ ಪ್ರಕರಣ ತಿರುಗಿದ್ದು ಇಲ್ಲಿಂದ. ಶಾಕ್ ಆರ್ಸೋಕೂ ಮುಂಚೆ ಮೂರು ತೀರ್ಮಾನ ಆದ್ವು. ಪೈಪು ಬದಲ್ ಮಾಡೋ ಕೆಲಸಕ್ಕ ಪೈಪು ಬಾಡಿಗಿ ಟಾಟಾ ಏಸ್‌ನ್ಯಾಗ ಹೋಗಬೇಕು, ಇದಕ್ಕ ಅವರು ಸ್ವಲ್ಪ ಹೊತ್ತು ಗೊಣಗಿದ್ರು, ಬಾಡಿಗಿ ರೊಕ್ಕ ಗಿರಾಕಿ ಕಡಿಂದ ಹೆಂಗ ಕೇಳ್ಲಿ ಅಂದ್ರು, ಆಮ್ಯಾಲ ಜಿವಿಡಬ್ಲ್ಯೂ ದಾಟಿದ ಗಾಡಿ ಅಪಘಾತ ಆದ್ರ ಇನ್ಶೂರೆನ್ಸ್ ತಕರಾರು ಬರ್ತೈತಿ ಅಂತ ಅವರ ತಮ್ಮನ ಹೇಳಿದ ಮ್ಯಾಲ ಒಪ್ಪಿದ್ರು. ಎರಡನೇದು, ಹಿಂದಿನ ಪಟ್ಟಾ ಕಟ್ಟು ಬದಲ್ ಆಗಬೇಕು, ಯಾವಾಗ್ಲೂ 300-400 ಕೆಜಿ ಇರೋ ಗಾಡಿಗೆ ಅಂತನ ಮಾಡಿದ ಪಟ್ಟಾ ಸೆಟ್. ಮಿಸ್ತ್ರಿ ಹೇಳಿದಂಗ ಹಳೇ ಕಟ್ಟಿಗೆ ಎರಡು ಬ್ಲೇಡ್ ಸೇರಿಸಬಹುದಿತ್ತು, ಆದ್ರ ಹಳೇ ಬ್ಲೇಡು ಆಗಲೇ ನೆಟ್ಟಗಾಗಿ ಕಮಾನು ಕಳ್ಕೊಂಡಿದ್ವು, ದಣದ ಬ್ಲೇಡ್ ಕೆಳಗ ಹೊಸ ಗಟ್ಟಿ ಬ್ಲೇಡ್ ಇಟ್ರ ಎಲ್ಲಾ ಭಾರ ಹೊಸದರ ಮ್ಯಾಲ ಬಿದ್ದು ಅದು ಮುರಿಯೋ ಸಾಧ್ಯತೆ ಜಾಸ್ತಿ. ಮೂರನೇದು, ಗಾಡಿ ಎತ್ತರ ಮಾಡೋದು ಬ್ಯಾಡ. ಮೋಟಾರು ವಾಹನ ಕಾಯ್ದೆ 52ನೇ ಕಲಮಿನ ಪ್ರಕಾರ ಆರ್‌ಸಿಯಾಗಿನ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬ್ಯಾರೆ ಆಗೋ ಹಂಗ ಗಾಡಿ ಬದಲ್ ಮಾಡಂಗಿಲ್ಲ, ಅದೂ ಅಲ್ದ ರ್‍ಯಾಕ್ ಮ್ಯಾಲ ಪೈಪ್ ಹೊರೋ ಗಾಡಿ ಇನ್ನೂ ಎತ್ತರ ಆದ್ರ ತಿರುವಿನ್ಯಾಗ ವಾಲೋದು ಹೆಚ್ಚಾಗ್ತೈತಿ.

ಅಳಿಯನ ಶಾಕು ಯಾಕ ವಾಪಸ್ ಹೋದ್ವು

ಆ ಮೊನೊಟ್ಯೂಬ್ ಕೆಟ್ಟ ಮಾಲಲ್ಲ, ಭಾಳ ಒಳ್ಳೇ ಮಾಲು. ಆದ್ರ ನೇರ ಬಿಗಿಯೋದಕ್ಕ ಮುಂಚೆ ಅಳತಿ ತಗೊಂಡ್ವಿ, ಇದನ್ನ ಎಲ್ಲಾರೂ ಮಾಡ್ಬೇಕು ಅಂತ ನಾ ಕೈ ಮುಗದು ಕೇಳ್ತೀನಿ, ಯಾಕಂದ್ರ ಇದಕ್ಕ ಒಂದ್ ಟೇಪ್ ಬಿಟ್ರ ಬ್ಯಾರೆ ಏನೂ ಬೇಕಾಗಿಲ್ಲ.

ಗಾಡಿ ಸಪಾಟ ನೆಲದ ಮ್ಯಾಲ ನಿಲ್ಲಿಸಿ ಹಿಂದಿನ ಶಾಕ್‌ನ ಮ್ಯಾಲಿನ ಬೋಲ್ಟ್ ನಡುವಿಂದ ಕೆಳಗಿನ ಬೋಲ್ಟ್ ನಡುವಿನ ತನಕ ಅಳದ್ವಿ. ಆಮ್ಯಾಲ ಬಂಪ್ ಸ್ಟಾಪಿಗೂ ಆಕ್ಸಲ್‌ಗೂ ನಡುವಿನ ಗ್ಯಾಪ್ ಅಳದು ಮೊದಲಿನ ಅಳತ್ಯಾಗ ಕಳದ್ವಿ. ಬಂಪ್ ಸ್ಟಾಪ್ ರಬ್ಬರೂ ಜೋರ್ ಏಟಿಗೆ ಹೆಚ್ಚುಕಡಿಮಿ ಅರ್ಧಕ್ಕ ಅಮುಕತೈತಿ, ಅದನ್ನೂ ಕಳದ್ವಿ. ಉಳದಿದ್ದು ಏನೈತಿ, ಗಾಡಿ ಪೂರ್ತಿ ಕುಂತಾಗ ಶಾಕ್‌ಗೆ ಸಿಗೋ ಜಾಗ ಅಷ್ಟ. ಇನ್ನ ಹೊಸಾ ಶಾಕ್‌ನ ಲಗೇಜ್ ಬೆಲ್ಟ್ ಕಟ್ಟಿ ರ್‍ಯಾಚೆಟ್ ತಿರುವಿ ಪೂರ್ತಿ ಕುಗ್ಗಿಸಿದ್ವಿ, ಗ್ಯಾಸ್ ಒತ್ತಡಕ್ಕ ಕೈಲೆ ಒತ್ತಾಕ ಆಗಂಗಿಲ್ಲ. ಟೇಪ್ ಹಿಡದು ನೋಡಿದ್ರ ಸಿಗೋ ಜಾಗಕ್ಕಿಂತ ಶಾಕ್ ಅರ್ಧ ಇಂಚು ಉದ್ದ ಉಳೀತು. ಅಳಿಯನ ಕೈಯಾಗ ಟೇಪ್ ಕೊಟ್ಟೆ, ಅವನೂ ಮತ್ತ ಮತ್ತ ಹಿಡದು ನೋಡಿದ.

ಆ ಅರ್ಧ ಇಂಚು ಅಂದ್ರ, ಹಂಪ್ಸ್ ಮ್ಯಾಲ ಬಿದ್ದಾಗ ಬಂಪ್ ಸ್ಟಾಪ್ ಪೂರ್ತಿ ಅಮುಕೋಕೂ ಮುಂಚೆ ಶಾಕ್ ಒಳಗಿನ ಪಿಸ್ಟನ್ ತಳಕ್ಕ ಬಡಿತೈತಿ, ಇಡೀ ಗಾಡಿ ಭಾರ ಒಂದ್ ಬೋಲ್ಟು ಒಂದ್ ಬ್ರಾಕೆಟ್ ಮ್ಯಾಲ. ಶಾಕ್ ಹೋಗೋದಷ್ಟ ಅಲ್ಲ, ಚಾಸಿ ಮ್ಯಾಲಿನ ಬ್ರಾಕೆಟ್ ಕಿತ್ತು ಬರ್ತೈತಿ. ಲಿಫ್ಟ್ ಅಳತೀದು ಲಿಫ್ಟ್ ಗಾಡಿಗೆ ಸರಿ, ಅಲ್ಲಿ ಸ್ಪ್ರಿಂಗು ಬಂಪ್ ಸ್ಟಾಪು ಎಲ್ಲಾ ಅದಕ್ಕ ತಕ್ಕಂಗ ಇರ್ತಾವು. ಇಲ್ಲಿ ಎತ್ತರ ಮಾಡೋದ ಬ್ಯಾಡ ಅಂತ ಆಗಿತ್ತು. ಬಿಗದಿರಲಿಲ್ಲಾದ್ದಕ್ಕ ಮಾರಿದವ್ರು ವಾಪಸ್ ತಗೊಂಡ್ರು, ಸಾಗಾಣಿಕಿ ರೊಕ್ಕ ಅಷ್ಟ ಹೋತು.

ಟ್ವಿನ್ ಟ್ಯೂಬೋ ಮೊನೊಟ್ಯೂಬೋ

ಈಗ ನಿಜವಾದ ಆಯ್ಕೆ ಬಂತು, ಮತ್ತ ಇಲ್ಲಿ ಎರಡೂ ಕಡೆ ಸತ್ಯ ಐತಿ. ಮೊನೊಟ್ಯೂಬ್‌ನ್ಯಾಗ ಒಂದ ಕೊಳವಿ, ಪಿಸ್ಟನ್ ಹೊರಗಿನ ಗ್ವಾಡಿಗೇ ಉಜ್ಜಿ ಓಡ್ತೈತಿ, ಗ್ಯಾಸು ಆಯಿಲ್ಲು ನಡುವ ತೇಲೋ ಇನ್ನೊಂದು ಪಿಸ್ಟನ್ ಇಟ್ಟು ಬ್ಯಾರೆ ಮಾಡಿರ್ತಾರ, ಅದಕ್ಕ ಆಯಿಲ್ ನೊರಿ ಆಗಂಗಿಲ್ಲ, ಬಿಸಿಯೂ ಗ್ವಾಡಿಯಿಂದ ಸೀದಾ ಗಾಳಿಗೆ ಹೋಗ್ತೈತಿ. ನಮ್ಮ ರಾಯಚೂರು ಕೊಪ್ಪಳದ ಏಪ್ರಿಲ್ ಮೇ ಬಿಸಿಲು 40 ಡಿಗ್ರಿ ದಾಟಿದಾಗ, ಖಡಿ ರಸ್ತೇದಾಗ ತಾಸುಗಟ್ಟಲೆ ಓಡಿದ್ರ ಅದು ದೊಡ್ಡ ಉಪಕಾರ. ಬಿಲ್‌ಸ್ಟೀನ್ 5100 ಅಂತಾವು ಈ ಜಾತಿ. ಟ್ವಿನ್ ಟ್ಯೂಬ್‌ನ್ಯಾಗ ಕೊಳವಿ ಒಳಗ ಕೊಳವಿ, ಹೊರಗಿನದು ಆಯಿಲ್ ತುಂಬಿಡೋ ಜಾಗ, ಬಿಸಿ ಹೊರಗ ಬರೋದು ತಡ, ಜೋರ್ ಕೆಲಸಕ್ಕ ಬೇಗ ಸೋಲ್ತೈತಿ. ಆಸ್ಟ್ರೇಲಿಯಾದ ಎಆರ್‌ಬಿಯವರ ಓಲ್ಡ್ ಮ್ಯಾನ್ ಎಮು ನೈಟ್ರೋಚಾರ್ಜರ್ ಟ್ವಿನ್ ಟ್ಯೂಬ್, ಗ್ಯಾಸ್ ತುಂಬಿದ್ದು. ಫೋಮ್ ಸೆಲ್ ಅಂತ ಇನ್ನೊಂದು ಬರ್ತೈತಿ, ಹೊರಗಿನ ಕೊಳವ್ಯಾಗ ಗ್ಯಾಸ್ ಬದ್ಲು ಫೋಮ್ ಇಟ್ಟಿರ್ತಾರ, ಆಯಿಲ್ಲು ಗಾಳಿ ಕೂಡಿ ನೊರಿ ಆಗೋದು ಅದರಿಂದ ತಪ್ಪತೈತಿ.

ಬರೇ ಕಾಗದದ ಮ್ಯಾಲ ನೋಡಿದ್ರ ಮೊನೊಟ್ಯೂಬ್ ಗೆದ್ದಂಗ. ಆದ್ರ ನಾ ಅವರ ಹಳೇ ಶಾಕ್ ಬಿಚ್ಚಿ ಬೆಂಚ್ ಮ್ಯಾಲ ಇಟ್ಟು ಕೆರಾಸಿನ್ ಹಾಕಿ ಒರಸಿದಾಗ ಕೆಳಗಿನ ಅರ್ಧದಾಗ ಸಣ್ಣ ಸಣ್ಣ ನೆಗ್ಗು ಕಂಡ್ವು, ಒಂದೆರಡು ಬೆರಳಿನ ಉಗುರು ಕೂಡೋ ಅಷ್ಟು ಆಳ. ಖಡಿ ಏಟು. ಈ ಗಾಡ್ಯಾಗ ಹಿಂದಿನ ಶಾಕು ಟೈರ್ ಪಕ್ಕಕ್ಕ ಕೆಳಗ ಜೋತು ಬಿದ್ದಿರ್ತಾವು, ದಾಳಿಂಬಿ ತೋಟದ ದಾರಿಯಾಗ ಟೈರ್ ಎಸದ ಕಲ್ಲು ಸೀದಾ ಅಲ್ಲೇ ಬಡಿತೈತಿ. ಟ್ವಿನ್ ಟ್ಯೂಬ್ ಆಗಿದ್ದಕ್ಕ ಆ ನೆಗ್ಗಿಂದ ಒಳಗಿನ ಪಿಸ್ಟನ್‌ಗೆ ಏನೂ ಆಗಿರಲಿಲ್ಲ, ಅವು ಸತ್ತಿದ್ದು ಸೀಲ್ ಹೋಗಿ. ಅದ ನೆಗ್ಗು ಮೊನೊಟ್ಯೂಬ್ ಮ್ಯಾಲ ಬಿದ್ದಿದ್ರ ಪಿಸ್ಟನ್ ಓಡೋ ದಾರಿಯಾಗ ಉಬ್ಬು ಬಂದಂಗ, ಒಂದೋ ಸಿಕ್ಕೊಂತೈತಿ, ಇಲ್ಲಾ ಪಿಸ್ಟನ್ ರಿಂಗ್ ಹರೀತೈತಿ. ಈ ಬೆಂಚ್ ಮ್ಯಾಲಿನ ನೆಗ್ಗು ನೋಡಿದ ಮ್ಯಾಲ ಚರ್ಚೆ ಮುಗೀತು. ಹೈವೇನ್ಯಾಗ ಜಾಸ್ತಿ ಓಡೋ ಗಾಡಿ ಆಗಿದ್ರ ನಾ ಮೊನೊಟ್ಯೂಬ್ ಅಂತಿದ್ದೆ, ಈಗ್ಲೂ ಅಂತೀನಿ.

ಕಡೀಗೆ ದಪ್ಪ ಬಾಡಿಯ ಫೋಮ್ ಸೆಲ್ ಟ್ವಿನ್ ಟ್ಯೂಬು ನಾಕೂ ಕಡೆ, ಎತ್ತರ ಕಂಪನೀದ ಇರೋ ಅಳತಿ, ಹಿಂದಿನ ಜೋಡಿ ಆ ಪಟ್ಟಾ ಸೆಟ್ಟಿಗೆ ಹೊಂದೋ ವಾಲ್ವಿಂದು. ಪಟ್ಟಾ ಗಟ್ಟಿ ಆದ್ರ ಅದು ವಾಪಸ್ ಎದ್ದು ಬರೋ ಜೋರು ಹೆಚ್ಚು, ಅದನ್ನ ತಡಿಯಾಕ ಶಾಕ್‌ನ ರಿಬೌಂಡ್ ಹಿಡಿತಾನೂ ಹೆಚ್ಚು ಬೇಕು, ಗಟ್ಟಿ ಪಟ್ಟಾ ಹಾಕಿ ಮೆತ್ತನ ಸ್ಟಾಕ್ ಶಾಕ್ ಬಿಟ್ರ ಕುಣಿತ ಮೊದಲಿಗಿಂತ ಜಾಸ್ತಿ ಆಗೋ ಗಾಡಿನೂ ನೋಡೀನಿ. ಸೆಟ್ ಒಂದ ಕಂಪನಿಯಿಂದ ತಗೊಂಡಿದ್ದು ಅದಕ್ಕ, ಸ್ಪ್ರಿಂಗು ಶಾಕು ಒಂದಕ್ಕೊಂದು ನೋಡಿ ಮಾಡಿರ್ತಾರ. ಗೇಬ್ರಿಯಲ್ ಅಂತಾ ನಮ್ಮ ದೇಶದ್ದ ಸ್ಟಾಕ್ ಅಳತಿ ಶಾಕು ಇಲ್ಲಿ ಯಾಕ ಬ್ಯಾಡ ಅಂದ್ವಿ ಅಂದ್ರ ಗುಣದ ಸಲುವಾಗಿ ಅಲ್ಲ, ಕಂಪನಿ ಪಟ್ಟಾ ಇದ್ದಿದ್ರ ಅದ ಸಾಕಾಗ್ತಿತ್ತು.

ಬಿಗಿಯೋದ್ರಾಗಿನ ಒಂದ್ ಮಾತು

ಹಳೇ ಶಾಕ್‌ನ ಬುಷ್ ಹರದಿದ್ದಕ್ಕ ಕಾರಣ ಇದು: ಗಾಡಿ ಜಾಕ್ ಮ್ಯಾಲ ಇದ್ದಾಗ, ಗಾಲಿ ಕೆಳಗ ಜೋತು ಬಿದ್ದಾಗನ ಬೋಲ್ಟ್ ಫುಲ್ ಟೈಟ್ ಮಾಡಿಬಿಡ್ತಾರ. ರಬ್ಬರ್ ಬುಷ್ ಆ ಸ್ಥಿತ್ಯಾಗ ಗಟ್ಟಿ ಹಿಡ್ಕೊಂತೈತಿ, ಗಾಡಿ ಕೆಳಗ ಇಳದ ತಕ್ಷಣ ತಿರುವಿದಂಗ ಆಗಿ, ಇಪ್ಪತ್ನಾಕು ತಾಸು ಹಂಗ ತಿರುವಿಕೊಂಡ ಇರ್ತೈತಿ, ಹರೀದ ಇನ್ನೇನು. ನಾವು ಬೋಲ್ಟ್ ಸಡ್ಲ ಬಿಟ್ಟು, ಗಾಡಿ ಇಳಿಸಿ, ಟೂಲ್ ಡಬ್ಬಿ ಸಾಮಾನು ಎಲ್ಲಾ ಹೇರಿ, ಹಿಂದ ಮುಂದ ದೂಡಿ ಕುಂದ್ರಿಸಿ ಆಮ್ಯಾಲ ಕೆಳಗ ಮಲಗಿ ಟಾರ್ಕ್ ರೆಂಚಿಲೆ ಬಿಗದ್ವಿ. ಪಟ್ಟಾದ ಕಣ್ಣಿನ ಬೋಲ್ಟಿಗೂ ಮುಂದಿನ ಆರ್ಮ್ ಬುಷ್‌ಗೂ ಇದ ಮಾತು. ಪಟ್ಟಾನ ಆಕ್ಸಲ್‌ಗೆ ಬಿಗಿಯೋ ಯು ಬೋಲ್ಟ್ ಹೊಸಾವು ಹಾಕಿದ್ವಿ, ಹಳೇವು ಒಮ್ಮೆ ಎಳದು ಉದ್ದ ಆಗಿರ್ತಾವು. ಮುಂದಿನ ಕಾಯಿಲ್ ಹಂಗ ಉಳಿಸ್ಕೊಂಡು ಶಾಕ್ ಅಷ್ಟ ಬದಲ್, ಕಾಯಿಲ್ ಬಿಚ್ಚೋದು ಸ್ಪ್ರಿಂಗ್ ಒತ್ತಿ ಹಿಡಿಯೋ ಸರಿಯಾದ ಕಂಪ್ರೆಸರ್ ಇಲ್ದ ಮನ್ಯಾಗ ಮಾಡೋ ಕೆಲಸ ಅಲ್ಲ, ಅದು ಸಿಡದ್ರ ಜೀವಕ್ಕ ಬರ್ತೈತಿ. ಆಮ್ಯಾಲ ಅಲೈನ್‌ಮೆಂಟ್, ಹೆಡ್‌ಲೈಟ್ ಮಟ್ಟ.

ಆಮ್ಯಾಲ ಏನಾತು

ಬಂಪ್ ಸ್ಟಾಪಿಗೆ ಮತ್ತ ಗ್ರೀಸ್ ಹಚ್ಚಿ ಕಳಿಸಿದ್ದೆ, ಈ ಸಲ ಗ್ರೀಸ್ ಹಚ್ಚಿದಲ್ಲೇ ಇತ್ತು, ಒಂದ್ ಕಡೆ ಮಾತ್ರ ತುದಿ ಮುಟ್ಟಿದ ಗುರ್ತು. ಯಲಬುರ್ಗಾ ರೋಡಿನ್ಯಾಗ ನಾನ ಕೂತು ಹೋಗಿ ನೋಡೀನಿ, ಅಲಿ ದಾಟಿದ ಮ್ಯಾಲ ಗಾಡಿ ಒಮ್ಮೆ ಎದ್ದು ಕುಂತು ನಿಂತ್ಬಿಡ್ತೈತಿ. ಲೈಟಿಗೆ ಬೈಯೋದು ನಿಂತೈತಿ ಅಂತ ಅವರ ಹೇಳಿದ್ರು. ಮಳಿಗಾಲ ಮುಗದ ಮ್ಯಾಲ ಸರ್ವೀಸಿಗೆ ಬಂದಾಗ ಹಿಂದಿನ ಎಡಗಡೆ ಶಾಕ್ ಮ್ಯಾಲ ಆಗಲೇ ಒಂದ್ ನೆಗ್ಗು ಬಿದ್ದಿತ್ತು, ಪೇಂಟ್ ಹಾರಿ ಬೆಳ್ಳಗ ಕಾಣ್ತಿತ್ತು, ಶಾಕ್ ಮಾತ್ರ ಸೋರಿಲ್ಲ, ಕೆಲಸಾನೂ ಮೊದಲಿನಂಗನ.

ಎಲ್ಲಾ ಚಲೋ ಆತು ಅಂತ ಹೇಳಂಗಿಲ್ಲ. ಹುಲಿಗಿಗೆ ಮನಿಮಂದಿ ಕರಕೊಂಡು ಹೋಗೋವಾಗ ಟೂಲ್ ಡಬ್ಬಿ ಸಾಮಾನು ಇಳಿಸಿದ್ರು, ಹಗುರ ಗಾಡ್ಯಾಗ ಹೊಸಾ ಪಟ್ಟಾ ಒರಟಾಗಿ ಬಡೀತು, ಹಿಂದಿನ ಸೀಟಿನ್ಯಾಗ ಕೂತ ಅಜ್ಜಿಗೆ ಸೊಂಟ ನೋವು ಬಂತು. ಹಿಂದಿನ ಟೈರ್ ಗಾಳಿ ಲೋಡ್ ಇದ್ದಾಗಿನ ಪ್ರೆಶರ್‌ನ್ಯಾಗ ಹಂಗ ಇತ್ತು, ಡೋರ್ ಹತ್ರ ಅಂಟಿಸಿದ ಚಾರ್ಟ್ ನೋಡಿ ಖಾಲಿ ಗಾಡಿ ಪ್ರೆಶರ್‌ಗೆ ಇಳಿಸಿದ ಮ್ಯಾಲ ಅರ್ಧ ತ್ರಾಸು ಕಡಿಮಿ ಆತು, ಉಳದ ಅರ್ಧ ಹಂಗ ಐತಿ. 350 ಕೆಜಿ ಹೊರೋ ಪಟ್ಟಾ ಖಾಲಿ ಇದ್ದಾಗ ಮೆತ್ತಗಿರಂಗಿಲ್ಲ, ಅದನ್ನ ಶಾಕ್ ಬದಲ್ ಮಾಡಿ ಮೆತ್ತಗ ಮಾಡ್ತೀನಿ ಅನ್ನೋರ ಮಾತು ನಂಬಬ್ಯಾಡ್ರಿ. ವಾರದಾಗ ನಾಕು ದಿನ ಖಾಲಿ, ಎರಡು ದಿನ ಲೋಡ್ ಅನ್ನೋ ಗಾಡಿ ಇದ್ದವ್ರು ಈ ಪ್ರಕರಣದ ಪಟ್ಟಾ ಆಯ್ಕೆ ಹಂಗ ಎತ್ಕೊಂಡು ಹಾಕಬಾರ್ದು, ಅವರಿಗೆ ಕಂಪನಿ ಪಟ್ಟಾ, ಸ್ಟಾಕ್ ಅಳತಿ ಶಾಕು, ಲೋಡ್ ದಿನಕ್ಕ ಎರಡು ಟ್ರಿಪ್ಪು, ಇದ ಸರಿ ಆದೀತು.

ಸದ್ಯ ಖಡಿ ರಸ್ತೇದಾಗ ನಿಧಾನ ಹೋದ್ರ ಬರೋ ಗಡಗಡ ಉಳದೈತಿ. ನನ್ನ ಅಂದಾಜಿಗೆ ಅದು ಹಳೇ ತಗ್ಗು ದಿಣ್ಣಿ ಆದ ಟೈರಿಂದು, ಟೈರ್ ಸವದಿದ್ದನ್ನ ಹೊಸಾ ಶಾಕ್ ವಾಪಸ್ ತರಂಗಿಲ್ಲ, ಮುಂದಿನ ಸೆಟ್ ಟೈರ್ ಹಾಕಿದಾಗ ಗೊತ್ತಾಗ್ತೈತಿ. ತಗಡಿನ ಟೂಲ್ ಡಬ್ಬಿ ಬದ್ಲು ಅಲ್ಯೂಮಿನಿಯಂದು ಮಾಡ್ಸಾಕ ಮಾಲಕರು ವೆಲ್ಡಿಂಗ್ ಅಂಗಡ್ಯಾಗ ಅಳತಿ ಕೊಟ್ಟು ಬಂದಾರ, ಅದು ಬಂದ ದಿನ ಮತ್ತ ಕಾಟಾಕ್ಕ ಹೋಗೂಣು ಅಂತ ಅವರ ಫೋನ್ ಮಾಡಿ ಹೇಳಿದ್ರು.